ನೀರಿಟ್ಟವರೇ ಲೆಕ್ಕವನ್ನೂ ಇಡಲಿ

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: "ಮಗಳ ಜೊತೆ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದೆ. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಒಂದು ಖಾಸಗಿ ರಿಸರ್ವ್‌ನಲ್ಲಿ ಉಳಿದೆವು. ಇಂಪಾಲಾ ಜಿಂಕೆಗಳು ಜಾಸ್ತಿಯಾದರೆ ಗುಂಡಿಕ್ಕಿ ಕೊಂದು ಮಾಂಸ ಮಾರುತ್ತೇವೆ ಎಂದು ಗೈಡ್ ನಗುನಗುತ್ತಾ ಹೇಳಿದ. ಅಂದಿನ ಊಟ ಸೇರಲಿಲ್ಲ. ಕಾಡನ್ನು ಅದರ ಪಾಡಿಗೆ ಬಿಡಬಾರದೇ?"

ಮೇಡಂ, ಊಟ ಸೇರದಿದ್ದುದು ಸಹಜ. ಜೀವ ತೆಗೆಯುವ ಮಾತನ್ನು ನಗುತ್ತಾ ಆಡಬಾರದು. ಅಷ್ಟರ ಮಟ್ಟಿಗೆ ನಾನು ನಿಮ್ಮ ಪಕ್ಷ.

ಆದರೆ ಒಂದು ಕೇಳುತ್ತೇನೆ. ನಿಮ್ಮ ಲಾಡ್ಜ್ ಎದುರಿಗೆ ಒಂದು ನೀರಿನ ಹೊಂಡ ಇತ್ತಲ್ವಾ? ಇದ್ದೇ ಇರುತ್ತದೆ. ಸಂಜೆ ಜಗಲಿಯಲ್ಲಿ ಕೂತರೆ ಆನೆ ಕಾಣಬೇಕಲ್ಲ! ಅಂಥ ಹೊಂಡಗಳಲ್ಲಿ ಹೆಚ್ಚಿನವಕ್ಕೆ ಬೋರ್‌ವೆಲ್ ನೀರು. ಅದು ಬಿದ್ದ ದಿನವೇ ಕಾಡಿನ 'ಪಾಡು' ಮುಗಿಯಿತು.

ಕ್ಲಾಸೆರಿ ಎಂಬ ರಿಸರ್ವ್‌ನ ಕಥೆ ಕೇಳಿ. ಅದೂ ಕ್ರೂಗರ್ ಪಕ್ಕದ್ದೇ, ಹಲವು ಮಾಲೀಕರ ಜಮೀನು ಸೇರಿ ಆದದ್ದು. ಅವರವರ ಜಾಗದಲ್ಲಿ ಅವರವರು ಹೊಂಡ ಮಾಡಿಕೊಂಡರು. ಕೆಲವೇ ಕಿಲೋಮೀಟರಿಗೆ ಇನ್ನೊಂದು ಹೊಂಡ. ಸುಮ್ನೆ ನೋಡಿದರೆ ಪುಣ್ಯದ ಕೆಲಸ. ಆದರೆ ಒಣ ಕಾಡಿನಲ್ಲಿ ನೀರಿನಿಂದ ದೂರವಿರುವ ಹುಲ್ಲು ಮೇಯದೆ ಉಳಿಯುತ್ತದೆ. ಬರ ಬಂದಾಗ ಪ್ರಾಣಿಗಳ ಕೈ ಹಿಡಿಯುವುದು ಆ ಹುಲ್ಲೇ. ಕ್ಲಾಸೆರಿಯಲ್ಲಿ ನೀರಿನಿಂದ ದೂರ ಎನ್ನುವ ಜಾಗವೇ ಉಳಿದಿರಲಿಲ್ಲ. 1982-83ರ ಬರದಲ್ಲಿ ಅಲ್ಲಿ ಹುಲ್ಲು ತಿನ್ನುವ ಪ್ರಾಣಿಗಳು ರಾಶಿ ರಾಶಿಯಾಗಿ ಸತ್ತವು. ಬಾಯಾರಿ ಅಲ್ಲ, ಹಸಿದು. ಹೊಂಡಗಳು ಅಷ್ಟು ಒತ್ತಾಗಿಲ್ಲದ ಕ್ರೂಗರ್‌ನಲ್ಲಿ ಸಾವು ಅಷ್ಟಿರಲಿಲ್ಲ. 'ಪ್ರಕೃತಿಗೆ ಬಿಡಿ' ಎನ್ನುವವರು ಈ ಸಾವನ್ನು ನೋಡಬೇಕು. ಗುಂಡಿನಿಂದ ಸಾಯುವುದು ಕ್ಷಣದ ಮಾತು. ಹಸಿವಿನಿಂದ ಸಾಯುವುದಕ್ಕೆ ವಾರಗಳು ಬೇಕು.

ಕ್ರೂಗರ್ ತಾನೂ ಬುದ್ಧಿ ಕಲಿತದ್ದು ತಡವಾಗಿ. ಉತ್ತರ ಭಾಗಕ್ಕೆ ಬೋರ್‌ವೆಲ್ ನೀರು ಬಂತು. ನೀರಿಗಾಗಿ ಜೀಬ್ರಾ ಬಂದವು, ಜೀಬ್ರಾಗಳ ಹಿಂದೆ ಸಿಂಹ ಬಂದವು. ಸಿಂಹಗಳ ಬಾಯಿಗೆ ಸಿಕ್ಕಿ ಅಪರೂಪದ ರೋನ್ ಹುಲ್ಲೆ 1986ರಲ್ಲಿ ಸುಮಾರು 450 ಇದ್ದದ್ದು 1993ಕ್ಕೆ ಸುಮಾರು 45ಕ್ಕೆ ಇಳಿಯಿತು. ಆಮೇಲೆ ಎಷ್ಟೋ ಬೋರ್‌ವೆಲ್ ಮುಚ್ಚಿದರು.

ಇನ್ನು ಬೇಲಿ. ಜಿಂಬಾಬ್ವೆಯ ಬೇಲಿ ಹಾಕಿದ ರಿಸರ್ವ್ ಬುಬೈ ವ್ಯಾಲಿ ಹಿಂದೆ ದನ ಸಾಕುವ ಜಮೀನು. 1999ರಲ್ಲಿ ಅಲ್ಲಿಗೆ 17 ಸಿಂಹ ತಂದು ಬಿಟ್ಟರು. 2016ರ ಹೊತ್ತಿಗೆ ಸುಮಾರು 500! ಬಯಲಿನಲ್ಲಾದರೆ ಪ್ರಾಯದ ಗಂಡುಗಳು ದೂರ ಹೋಗುತ್ತವೆ, ದಾರಿಯಲ್ಲಿ ಎಷ್ಟೋ ಸಾಯುತ್ತವೆ. ಬೇಲಿಯೊಳಗೆ ಹೋಗುವುದೆಲ್ಲಿಗೆ? ಮಿಕ್ಕ ಸಿಂಹ ಉಚಿತವಾಗಿ ಕೊಡುತ್ತೇವೆ ಎಂದರೂ ಇಟ್ಟುಕೊಳ್ಳುವ ಜಾಗ ಸಿಗುವುದು ಕಷ್ಟ. ಅದಕ್ಕೇ ಸಣ್ಣ ರಿಸರ್ವ್‌ಗಳಲ್ಲಿ ಹೆಣ್ಣು ಸಿಂಹದ ಚರ್ಮದಡಿ ಗರ್ಭನಿರೋಧಕ ಗುಳಿಗೆ ಇಡುತ್ತಾರೆ. ದಕ್ಷಿಣ ಆಫ್ರಿಕಾದ ಮಕಲಾಲಿ ರಿಸರ್ವ್‌ನಲ್ಲಿ 2000ದಿಂದ ಆನೆಗಳಿಗೇ ಚುಚ್ಚುಮದ್ದು ಕೊಡಲು ಶುರು ಮಾಡಿದರು. ಇದು ನಿಮಗೂ ಇಷ್ಟವಾದೀತು, ರಕ್ತವಿಲ್ಲ. ಆದರೆ ಹುಟ್ಟುವುದು ನಿಂತರೂ ಇರುವ ಆನೆ ಇನ್ನೂ ದಶಕಗಳ ಕಾಲ ತಿನ್ನುತ್ತಲೇ ಇರುತ್ತದೆ.

ದಯೆಯೂ ಲೆಕ್ಕ ತಪ್ಪುತ್ತದೆ, ಮೇಡಂ. ಕ್ರೂಗರ್‌ನಲ್ಲಿ 1994ರವರೆಗೆ ಆನೆ ಹಿಂಡುಗಳನ್ನು ಕೊಲ್ಲುತ್ತಿದ್ದರು. ಮರಿಗಳನ್ನು ಕನಿಕರದಿಂದ ಉಳಿಸಿ ಬೇರೆ ಕಡೆ ಸಾಗಿಸುತ್ತಿದ್ದರು. ಅದೇ ದೇಶದ ಪಿಲನೆಸ್‌ಬರ್ಗ್ ಉದ್ಯಾನಕ್ಕೆ ಹೋದ ಮರಿಗಳು ಹಿರಿಯರಿಲ್ಲದೆ ಬೆಳೆದವು. ಬೇಗನೆ ಮದವೇರಿ 40ಕ್ಕೂ ಹೆಚ್ಚು ಘೇಂಡಾಮೃಗಗಳನ್ನು ತಿವಿದು ಕೊಂದವು. 1998ರಲ್ಲಿ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟ ಮೇಲೆ ಹುಡುಗರು ತೆಪ್ಪಗಾದರು.

ನಮ್ಮವರಿಗೂ ಒಂದು ಮಾತು. 2023ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಚೀತಾ ಮಧ್ಯಪ್ರದೇಶದ ಕುನೋಗೆ ಬಂದಾಗ ಟಿವಿಯಲ್ಲಿ ಹಬ್ಬವೋ ಹಬ್ಬ. ಅಲ್ಲಿನ ರಿಸರ್ವ್‌ಗಳು ಚೀತಾ ಎಣಿಸಿ, ರಕ್ತಸಂಬಂಧ ನೋಡಿ, ಒಂದು ಬೇಲಿಯಿಂದ ಇನ್ನೊಂದಕ್ಕೆ ಸಾಗಿಸುತ್ತಾ ಬಂದಿದ್ದಕ್ಕೇ ನಮಗೆ ಕೊಡುವಷ್ಟು ಮಿಕ್ಕಿದ್ದು. ಚೀತಾ ಲೆಕ್ಕಕ್ಕೆ ಚಪ್ಪಾಳೆ, ಇಂಪಾಲಾ ಲೆಕ್ಕಕ್ಕೆ ಕಣ್ಣೀರು. ಇದು ಯಾವ ನ್ಯಾಯ?

ಬಂಡೀಪುರದಲ್ಲಿ ಬೇಸಿಗೆಯಲ್ಲಿ ಸೋಲಾರ್ ಪಂಪ್ ಇಟ್ಟು ಕೆರೆ ತುಂಬಿಸುತ್ತಾರೆ. ಪ್ರತಿ ವರ್ಷ ಪತ್ರಿಕೆಗಳಲ್ಲಿ ಅದರದ್ದೇ ಚಂದದ ಫೋಟೊ. ನೀರು ಕುಡಿಯುವ ಹುಲಿ, ಕೆಳಗೆ 'ಇಲಾಖೆಯ ಕಾಳಜಿ' ಎಂಬ ಸಾಲು. ಸಫಾರಿ ಜೀಪಿನವರಿಗೂ ಖುಷಿ. ಆ ಕೆರೆಯ ಸುತ್ತ ಹುಲ್ಲು ಎಷ್ಟು ಉಳಿದಿದೆ ಎಂದು ಬರೆದ ವರದಿಗಾರನನ್ನು ನಾನಂತೂ ಕಂಡಿಲ್ಲ. ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆಯ ಓದುಗರು ಕಣ್ಣಾರೆ ಕಂಡದ್ದನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಕೊಡುತ್ತೇನೆ. ಹುಲಿಯ ಫೋಟೊ ಬೇಡ, ನೆಲದ್ದು ಕಳಿಸಿ.