ಓದುಗರ ಪ್ರಶ್ನೆ: ಲೂಯಿ ಕಾಲದ ಕುರ್ಚಿ, ನಂಬಬಹುದಾ?

ಪ್ರಶ್ನೆ: ನಮಸ್ತೆ ಸರ್, ಕೆಲಸದ ಮೇಲೆ ಪ್ಯಾರಿಸ್‌ನಲ್ಲಿದೀನಿ. ಇಲ್ಲಿನ ಸಾಂತ್-ವಾಂ ಹಳೇ ಸಾಮಾನಿನ ಮಾರ್ಕೆಟ್‌ನಲ್ಲಿ ಕೈ ಇರೋ ಒಂದು ಕುರ್ಚಿ ನೋಡಿದೆ, ಫ್ರಾನ್ಸ್‌ನ ರಾಜ 15ನೇ ಲೂಯಿ ಕಾಲದ್ದಂತೆ, ಕೆಳಗಡೆ ಬಡಗಿ ಹೆಸರಿನ ಮುದ್ರೆನೂ ಇದೆ. ತಗೊಳ್ಲಾ?

ಉತ್ತರ: ಮುದ್ರೆ ಒಂದನ್ನೇ ನಂಬಿ ದುಡ್ಡು ಕೊಡ್ಬೇಡಿ. 18ನೇ ಶತಮಾನದ ನಡುವಿನಿಂದ ಪ್ಯಾರಿಸ್‌ನ ಬಡಗಿಗಳ ಸಂಘದ ಮೇಸ್ತ್ರಿಗಳು ತಮ್ಮ ಹೆಸರನ್ನ ಮರದ ಮೇಲೆ ಒತ್ತಲೇಬೇಕು ಅಂತ ರೂಲ್ ಇತ್ತು, ಪಕ್ಕದಲ್ಲಿ ಜೆ.ಎಂ.ಇ. ಅನ್ನೋ ಸಂಘದ ಮುದ್ರೆನೂ ಎಷ್ಟೋ ಸಲ ಸಿಗುತ್ತೆ, ಆದ್ರೆ ರಾಜನಿಗೆ ಅಂತಲೇ ಕೆಲಸ ಮಾಡ್ತಿದ್ದವರಿಗೆ ಆ ರೂಲ್ ಇರ್ಲಿಲ್ಲ, ಹಾಗಾಗಿ ಮುದ್ರೆ ಇಲ್ಲದ ಅಸಲಿನೂ ಇದೆ, ಆಮೇಲೆ ಯಾರೋ ಒತ್ತಿದ ಕಳ್ಳ ಮುದ್ರೆನೂ ಇದೆ. ಈಗ ಮ್ಯೂಸಿಯಂ ಆಗಿರೋ ವರ್ಸೈ ಅರಮನೆಯಂಥ ವರ್ಸೈ ಅರಮನೆನೇ ಮೋಸ ಹೋಗಿದೆ, ಅವರು ಕೊಂಡ ಕುರ್ಚಿಗಳು ನಕಲಿ ಅನ್ನೋ ಕೇಸು 2016ರಲ್ಲಿ ಹೊರಗೆ ಬಂತು.

ಕುರ್ಚಿನ ತಲೆಕೆಳಗು ಮಾಡಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಕೈಲಿ ಹತ್ತರಿ ಹೊಡೆದ ಮರ ಪೂರ್ತಿ ನುಣುಪಾಗಿರಲ್ಲ, ಸಣ್ಣ ಏರಿಳಿತ ಕಾಣುತ್ತೆ. ಅದೇ ಕಮಾನಿನ ಥರ ಬಾಗಿದ ಗೀರುಗಳು ಸಾಲಾಗಿದ್ರೆ ಅದು ಚಕ್ರದ ಗರಗಸದ್ದು, ಅಂದ್ರೆ ಆ ಮರ ಕೊಯ್ದಿದ್ದು 19ನೇ ಶತಮಾನದಲ್ಲೋ ಆಮೇಲೋ. ಇನ್ನೂರೈವತ್ತು ವರ್ಷದಲ್ಲಿ ಸೀಟಿನ ಬಟ್ಟೆ ಎಷ್ಟು ಸಲ ಬದಲಾಗಿರುತ್ತೆ ಯೋಚ್ನೆ ಮಾಡಿ, ಸೀಟಿನ ಚೌಕಟ್ಟಿನ ತುಂಬ ಹಳೇ ಮೊಳೆ ತೂತು ಇರ್ಲೇಬೇಕು, ಒಂದೇ ಸಾಲು ತೂತಿದ್ರೆ ನಂಗಂತೂ ಅನುಮಾನನೇ.

ಬಿಲ್ ವಿಷ್ಯ ತುಂಬ ಮುಖ್ಯ. 'ಎಪೋಕ್ ಲೂಯಿ 15' ಅಂತ ಬರೆದ್ರೆ ಆ ಕಾಲದ್ದೇ ಅಂತ ಗ್ಯಾರಂಟಿ ಕೊಟ್ಟ ಹಾಗೆ, 1981ರಿಂದ ಫ್ರಾನ್ಸ್‌ನಲ್ಲಿ ಇದಕ್ಕೆ ಕಾನೂನೇ ಇದೆ. 'ಸ್ಟೀಲ್ ಲೂಯಿ 15' ಅಂದ್ರೆ (ಇದು ಫ್ರೆಂಚ್‌ನ style, ಉಕ್ಕಲ್ಲ) ಬರೀ ಆ ಶೈಲಿ ಅಷ್ಟೇ. ಬಾಯಲ್ಲಿ ಹೇಳಿದ್ದನ್ನ ಬಿಲ್‌ನಲ್ಲಿ ಬರೀತಾರಾ ಕೇಳಿ, ಹಿಂದೆಮುಂದೆ ನೋಡಿದ್ರೆ ಎದ್ದು ಬನ್ನಿ. ಹಾಗಂತ ಮೂರನೇ ನೆಪೋಲಿಯನ್ ಕಾಲದ, ಅಂದ್ರೆ 1852-70ರ ಕಾಪಿಗಳು ಕೀಳಲ್ಲ, ಕೆಲವು ಎಷ್ಟು ಚೆಂದ ಕೆತ್ತಿದಾರೆ ಅಂದ್ರೆ ಕಾಪಿಯ ರೇಟಿಗೆ ಸಿಕ್ಕಿದ್ರೆ ಧೈರ್ಯವಾಗಿ ತಗೊಳ್ಳಿ.

ಪ್ರಶ್ನೆ: ಹಳೇ ಫ್ರೆಂಚ್ ಗಡಿಯಾರದ ಚಿನ್ನದ ಬಣ್ಣ ಮಂಕಾಗಿದೆ, ಹುಣಸೆಹಣ್ಣು ಹಾಕಿ ಉಜ್ಜಬಹುದಾ?

ಉತ್ತರ: ಅಯ್ಯೋ, ದಯವಿಟ್ಟು ಬೇಡಮ್ಮ! ಅದು ಹಿತ್ತಾಳೆ ಚೊಂಬಲ್ಲ, ಕಂಚಿನ ಮೇಲೆ ಪಾದರಸದ ಜೊತೆ ಕೂಡಿಸಿ ಹಚ್ಚಿದ ತೆಳ್ಳನೆ ಚಿನ್ನ ಇರಬಹುದು, ಪೀತಾಂಬರಿ ಹಾಕಿ ತಿಕ್ಕಿದ್ರೆ ಚಿನ್ನನೇ ಕಿತ್ತು ಬರುತ್ತೆ, ಹೋದ್ಮೇಲೆ ಮತ್ತೆ ಬರಲ್ಲ. ಮೆತ್ತನೆ ಒಣ ಬ್ರಶ್‌ನಲ್ಲಿ ಧೂಳು ಮಾತ್ರ ತೆಗೀರಿ.