90 ಪುಟದ ಕನ್ನಡ ಮಕ್ಕಳ ಕಾದಂಬರಿ ನಾಲ್ಕನೇ ಕ್ಲಾಸಿನವರಿಗೆ ಆಗುತ್ತಾ? ಓದೋಕೆ ಎಷ್ಟು ಹೊತ್ತು ಬೇಕು?

ನಿಮ್ಮ ಮಗಳು ಬೆಳಗಾವಿಯಲ್ಲಿ ಇಂಗ್ಲಿಷ್ ಮೀಡಿಯಂ, ನಾಲ್ಕನೇ ಕ್ಲಾಸು. ಮನೆಮಾತು ಕನ್ನಡ. ಪುಸ್ತಕದ ಹಿಂದೆ ‘8ರಿಂದ 12 ವರ್ಷ’ ಅಂತ ಹಾಕಿದ್ದಾರೆ, ದಸರಾ ರಜೆಯಲ್ಲಿ ಮುಗಿಸ್ತಾಳಾ ಅಂತ ಕೇಳಿದ್ದೀರಿ.

ಆ ವಯಸ್ಸಿನ ಅಂಕಿ ಬಿಟ್ಟುಬಿಡಿ. ಎಂಟರ ಮಗುವಿಗೂ ಹನ್ನೆರಡರ ಮಗುವಿಗೂ ಓದಿನಲ್ಲಿ ಅಜಗಜಾಂತರ. ಇಂಗ್ಲಿಷ್ ಪುಸ್ತಕಗಳಿಗೆ ಲೆಕ್ಸೈಲ್ ಅಂತ ಒಂದು ಅಳತೆ ಇದೆ. ವಾಕ್ಯ ಎಷ್ಟು ಉದ್ದ, ಪದ ಎಷ್ಟು ಬಳಕೆಯಲ್ಲಿದೆ ಅಂತ ನೋಡಿ ಅಂಕಿ ಕೊಡುತ್ತದೆ. ನಮ್ಮ ಪುಸ್ತಕಗಳ ಮೇಲೆ ಅಂಥದ್ದು ಇರುವುದಿಲ್ಲ. ಪ್ರಥಮ್ ಬುಕ್ಸ್ ಅನ್ನೋ ಪ್ರಕಾಶಕರ ಸ್ಟೋರಿವೀವರ್ ಅಂತ ಮಕ್ಕಳ ಕತೆಗಳ ವೆಬ್‌ಸೈಟ್ ಇದೆ, ಅದರಲ್ಲಿ ಓದಿಗೆ ನಾಲ್ಕು ಹಂತ ಮಾಡಿದ್ದಾರೆ: 250 ಪದದೊಳಗೆ ಒಂದನೇದು, 600ರವರೆಗೆ ಎರಡನೇದು, 1,500ರವರೆಗೆ ಮೂರನೇದು, ಅದಕ್ಕೂ ಮೇಲೆ ನಾಲ್ಕನೇದು. 90 ಪುಟ ಅಂದರೆ ನಿಮ್ಮದು ಸೀದಾ ನಾಲ್ಕನೇದಕ್ಕೇ ಹೋಗುತ್ತದೆ. ಆದರೆ ಬರೀ ಪದ ಎಣಿಸಿದರೆ ಕನ್ನಡದಲ್ಲಿ ಅರ್ಧ ವಿಷಯ ಗೊತ್ತಾಗುವುದಿಲ್ಲ.

ನಮ್ಮ ಮಕ್ಕಳು ಎಡವುವುದು ಒತ್ತಕ್ಷರದಲ್ಲಿ, ಆಮೇಲೆ ಒಂದಕ್ಕೊಂದು ಕೂಡಿ ಉದ್ದವಾದ ಪದಗಳಲ್ಲಿ. ನಾನು ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಒಬ್ಬ ಹುಡುಗ ‘ಕುಳಿತುಕೊಂಡಿದ್ದವನು’ ಅನ್ನೋದನ್ನು ಬೆರಳಿಟ್ಟು ಓದಿದ: ಕುಳಿತು... ಕೊಂಡಿ... ಅಷ್ಟಕ್ಕೇ ನಿಂತು, “ಟೀಚರ್, ಇಲ್ಲಿ ಚೇಳು ಎಲ್ಲಿಂದ ಬಂತ್ರೀ?” ಅಂದ. ದಡ್ಡ ಅಲ್ಲ ಅವನು, ಇಂಗ್ಲಿಷ್ ಪಟಪಟ ಓದುತ್ತಾನೆ. ಜೊತೆಗೆ ನಮ್ಮ ಕಡೆಯ ಮಕ್ಕಳು ಮನೆಯಲ್ಲಿ ‘ಹೊಂಟೀನಿ’ ಅನ್ನುತ್ತಾರೆ, ಪುಸ್ತಕದಲ್ಲಿ ‘ಹೊರಟಿದ್ದೇನೆ’ ಇರುತ್ತದೆ. ಅರ್ಥ ಆಗುತ್ತದೆ, ಆದರೆ ಓಟ ನಿಲ್ಲುತ್ತದೆ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ ಅಂದ ಮಾತ್ರಕ್ಕೆ ಅಷ್ಟೇ ಚೆನ್ನಾಗಿ ಓದುತ್ತಾಳೆ ಅಂತಲ್ಲ.

ಹಾಗಾಗಿ ಪುಸ್ತಕ ಅಳೆಯಬೇಡಿ, ಅವಳು ಓದೋದನ್ನು ಅಳೆಯಿರಿ. ಎರಡನೇ ಅಧ್ಯಾಯದಿಂದ ಚಿತ್ರ ಇಲ್ಲದ ಒಂದು ಪುಟ ತೆಗೆದು ಜೋರಾಗಿ ಓದಿಸಿ. ನಿಂತುಹೋದ ಪ್ರತಿ ಪದಕ್ಕೆ ನೀವು ಒಂದು ಬೆರಳು ಮಡಚಿ. ತಡವರಿಸಿ ತಾನೇ ಸರಿಮಾಡಿಕೊಂಡರೆ ಮಡಚಬೇಡಿ, ಅದು ಕಲಿಕೆ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಒಬ್ಬಳೇ ಓದೋಕೆ ಪುಸ್ತಕ ಭಾರ. ಕೊನೆಗೆ “ಏನಾಯ್ತು ಹೇಳು” ಅಂತ ಕೇಳಿ. ಅಕ್ಷರ ಎಲ್ಲ ಸರಿ ಓದಿ ಕತೆ ಗೊತ್ತಾಗದೇ ಇರೋ ಮಕ್ಕಳೂ ಇದ್ದಾರೆ, ನನಗೆ ಅದೇ ಜಾಸ್ತಿ ಚಿಂತೆ.

ಅದೇ ಪುಟಕ್ಕೆ ಮೊಬೈಲಿನಲ್ಲಿ ಟೈಮ್ ಹಿಡಿಯಿರಿ. ಅವಳಿಗೆ ಹೇಳಬೇಡಿ, ಹೇಳಿದರೆ ಸುಮ್ನೆ ಓಡಿಸ್ತಾಳೆ. ಮೂರು ನಿಮಿಷ ಆಯಿತು ಅಂತಿಟ್ಟುಕೊಳ್ಳಿ. ಚಿತ್ರದ ಪುಟ, ಖಾಲಿ ಪುಟ ಕಳೆದರೆ 75 ಉಳಿಯಬಹುದು. 225 ನಿಮಿಷ, ಅಂದರೆ ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ದಿನಕ್ಕೆ 20 ನಿಮಿಷ ಕೂತರೆ 12 ದಿನ. ರಜೆಯಲ್ಲಿ ಆರಾಮಾಗಿ ಆಗುತ್ತದೆ. ಪುಟಕ್ಕೆ ಐದು ನಿಮಿಷ ಹಿಡಿದರೆ ಆರು ಗಂಟೆ ದಾಟುತ್ತದೆ. ದಿನಕ್ಕೆ 20 ನಿಮಿಷದಂತೆ 19 ದಿನ ಬೇಕು. ನಡುವೆ ಅಜ್ಜಿ ಊರಿಗೂ ಹೋಗೋದಿರುತ್ತದೆ, ಅಲ್ವಾ?

ಆಗ ಪಾಳಿ ಮಾಡಿಕೊಳ್ಳಿ: ಒಂದು ಅಧ್ಯಾಯ ನೀವು ಓದಿ ಹೇಳಿ, ಮುಂದಿನದು ಅವಳು. ಅವಳ ಪಾಲು ಅರ್ಧಕ್ಕೆ ಇಳಿಯುತ್ತದೆ. ಮೊದಲನೇದು ಮಾತ್ರ ನೀವೇ ಓದಿ. ಯಾರು ಯಾರಿಗೆ ಏನಾಗಬೇಕು, ಯಾವ ಊರು ಅನ್ನೋದೆಲ್ಲ ಸಾಮಾನ್ಯವಾಗಿ ಅಲ್ಲೇ ಬರುತ್ತದೆ. ಮಕ್ಕಳು ಪುಸ್ತಕ ಮುಚ್ಚಿಡೋದೂ ಹೆಚ್ಚಾಗಿ ಅಲ್ಲೇ.