ಅಲನ್ ಪೇಜ್ ಅವರಿಗೆ ಕುರ್ಚಿ ಹೆಸರಿನಿಂದ ಸಿಕ್ಕಿತೇ?

ದಾವಣಗೆರೆಯ ಪಿ.ಟಿ. ಮೇಷ್ಟ್ರೊಬ್ಬರು ಬರೆದಿದ್ದಾರೆ: "ಅಮೆರಿಕದ ಫುಟ್‌ಬಾಲ್ ಆಟಗಾರರೊಬ್ಬರು ನ್ಯಾಯಮೂರ್ತಿಯಾದರು ಎಂದು ಕಳೆದ ಸಂಚಿಕೆಯಲ್ಲಿ ಒಂದು ಸಾಲು ಇತ್ತು. ಹೆಸರು ಮಾಡಿದವರನ್ನು ಕರೆದು ಕುರ್ಚಿ ಕೊಡುವುದು ಎಲ್ಲ ಕಡೆ ಇದ್ದದ್ದೇ. ಇದೂ ಹಾಗೇ ಅಲ್ವಾ? ಅವರು ಆಡುತ್ತಿದ್ದ ಜಾಗ ಎಂಥದು ಅಂತಲೂ ತಿಳಿಸಿ."

ಮೇಷ್ಟ್ರೇ, ನೀವು ಕೇಳಿದ್ದು ಒಳ್ಳೆಯದೇ ಆಯಿತು. ಅಲನ್ ಪೇಜ್ ಒಂದು ಸಾಲಿಗೆ ಮುಗಿಯುವ ಮನುಷ್ಯರಲ್ಲ.

ಮೊದಲು ಜಾಗದ ವಿಷಯ. ಇದು ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಅವರು ಡಿಫೆನ್ಸಿವ್ ಟ್ಯಾಕಲ್, ಅಂದರೆ ತಡೆಯುವ ತಂಡದ ಮುಂದಿನ ಸಾಲಿನ ನಡುವೆ ನಿಲ್ಲುವವರು. ಒಂದು ಕೈ ನೆಲಕ್ಕೆ ಊರಿ ಬಗ್ಗಿರಬೇಕು. ಎದುರಿಗೆ ಅಷ್ಟೇ ದಪ್ಪನೆಯ ಆಳು. ಚೆಂಡು ಅಲುಗಿದ ಕೂಡಲೇ ಅವನನ್ನು ದಾಟಿ, ಕ್ವಾರ್ಟರ್‌ಬ್ಯಾಕ್, ಅಂದರೆ ಎದುರು ತಂಡದ ದಾಳಿ ನಡೆಸುವ ಆಟಗಾರ, ಚೆಂಡು ಎಸೆಯುವ ಮೊದಲೇ ಹೋಗಿ ಅವನನ್ನು ಕೆಡವಬೇಕು. ಸಿಗುವ ಸಮಯ ಎರಡು ಮೂರು ಸೆಕೆಂಡು. ಈ ಜಾಗಕ್ಕೆ ಸಾಮಾನ್ಯವಾಗಿ ಅಲುಗಾಡದ ಭಾರಿ ಆಳುಗಳನ್ನೇ ಹುಡುಕುತ್ತಾರೆ. ಪೇಜ್ ಸುಮಾರು 111 ಕೆ.ಜಿ. ಇದ್ದರು. ಅವರ ಬಲ ಇದ್ದದ್ದು ಚುರುಕಿನಲ್ಲಿ. ಬೆನ್ನಿಗೆ 'ಖೋ' ಬೀಳುವುದೇ ತಡ ಎದ್ದು ಓಡುವ ಹುಡುಗರನ್ನು ನೀವು ದಿನಾ ನೋಡುತ್ತೀರಿ, ಅಂಥ ಚುರುಕು. ಎದುರಾಳಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಇವರು ಪಕ್ಕದಿಂದ ನುಗ್ಗಿಯಾಗಿರುತ್ತಿತ್ತು. ಆ ವರ್ಷಗಳ ಗುರುತು ಇವತ್ತಿಗೂ ಅವರ ಕೈಯಲ್ಲಿದೆ. ಕಿರುಬೆರಳು ಮುರಿದು, ಉಳಿದ ಬೆರಳುಗಳಿಂದ ದೂರಕ್ಕೆ ಅಡ್ಡಡ್ಡ ಚಾಚಿಕೊಂಡಿದೆ.

ಹುಟ್ಟಿದ್ದು 1945ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ. ಫುಟ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಇರುವುದು ಅದೇ ಊರಲ್ಲಿ. ಆ ಕಟ್ಟಡ ಕಟ್ಟುವಾಗ ಹುಡುಗ ಪೇಜ್ ಅಲ್ಲಿ ಕೂಲಿ ಕೆಲಸ ಮಾಡಿದ್ದರು. ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ 1967ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಮಿನೆಸೋಟ ವೈಕಿಂಗ್ಸ್ ತಂಡ ಸೇರಿದರು. 1971ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂತು. ತಡೆಯುವ ಸಾಲಿನವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅವರು ಎಷ್ಟು ಸಲ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರು ಅನ್ನುವುದು ಮಾತ್ರ ಅಧಿಕೃತ ಲೆಕ್ಕದಲ್ಲಿಲ್ಲ, ಲೀಗ್ ಅದನ್ನು ಎಣಿಸಲು ಶುರು ಮಾಡಿದ್ದೇ 1982ರಲ್ಲಿ. ಲೀಗಿನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಅನ್ನು ನಾಲ್ಕು ಸಲ ಆಡಿದರು, ನಾಲ್ಕರಲ್ಲೂ ತಂಡ ಸೋತಿತು.

ಈಗ ಓದಿನ ಮಾತು. ಕಾನೂನು ಓದಲು ಮೊದಲು ಸೇರಿದಾಗ ಕೆಲವೇ ವಾರಗಳಲ್ಲಿ ಬಿಟ್ಟರು. ಮತ್ತೆ ಮಿನೆಸೋಟ ವಿಶ್ವವಿದ್ಯಾಲಯ ಸೇರಿ, ಆಡುತ್ತಲೇ ಓದಿ, 1978ರಲ್ಲಿ ಪದವಿ ಪಡೆದರು. ಅದೇ ವರ್ಷ ವೈಕಿಂಗ್ಸ್ ಅವರನ್ನು ಸೀಸನ್ ನಡುವೆಯೇ ಕೈಬಿಟ್ಟಿತು. ಸಿಗರೇಟು ಬಿಡಲೆಂದು ಹೆಂಡತಿ ಡಯಾನ್ ಓಡಲು ಶುರು ಮಾಡಿದ್ದರು, ಇವರೂ ಜೊತೆಗೂಡಿದ್ದರು. ಓಡಿ ಓಡಿ ತೂಕ 100 ಕೆ.ಜಿ. ಹತ್ತಿರಕ್ಕೆ ಇಳಿದಿತ್ತು. ಈ ಮೈಕಟ್ಟಿನಲ್ಲಿ ಇನ್ನು ಆಗದು ಎಂದಿತು ತಂಡ. ಶಿಕಾಗೊ ಬೇರ್ಸ್ ಬರೀ 100 ಡಾಲರ್ ಶುಲ್ಕ ಕಟ್ಟಿ ಕರೆದುಕೊಂಡಿತು. ಅಲ್ಲಿ 1981ರವರೆಗೆ ಆಡಿದರು. ಎರಡೂ ತಂಡ ಸೇರಿ ಒಟ್ಟು 218 ಲೀಗ್ ಪಂದ್ಯ, ಒಂದನ್ನೂ ತಪ್ಪಿಸದೆ! ನಡುವೆ 1979ರಲ್ಲಿ ಪೂರ್ತಿ ಮ್ಯಾರಥಾನ್ ಓಡಿದರು. ಇನ್ನೂ ಲೀಗಿನಲ್ಲಿ ಆಡುತ್ತಿದ್ದ ಒಬ್ಬರು ಹಾಗೆ ಓಡಿ ಮುಗಿಸಿದ್ದು ಅದೇ ಮೊದಲು. ನನಗಂತೂ ಅವರ ಬದುಕಿನಲ್ಲಿ ಪ್ರಶಸ್ತಿಗಿಂತ ಈ ಮೂರು ನಾಲ್ಕು ವರ್ಷಗಳೇ ಜಾಸ್ತಿ ಇಷ್ಟ.

ಇನ್ನು ಕುರ್ಚಿ. ಅದು ಅಮೆರಿಕದ ಸುಪ್ರೀಂ ಕೋರ್ಟ್ ಅಲ್ಲ, ಮಿನೆಸೋಟ ರಾಜ್ಯದ್ದು. ನಮ್ಮ ಹೈಕೋರ್ಟ್ ಇದ್ದಂತೆ ಅಂದುಕೊಳ್ಳಿ. ಅಲ್ಲಿ ನ್ಯಾಯಮೂರ್ತಿಗಳನ್ನು ಆರಿಸುವುದು ಮತದಾರರು. ಹಾಗಾಗಿ ಹೆಸರು ನೆರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕರೆದು ಯಾರೂ ಕೊಡಲಿಲ್ಲ. ಆಟ ಬಿಟ್ಟ ಮೇಲೆ ವಕೀಲಿಕೆ ಮಾಡಿ, 1985ರಿಂದ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ದುಡಿದರು. 1992ರಲ್ಲಿ ಒಬ್ಬ ನ್ಯಾಯಮೂರ್ತಿಯ ಅವಧಿಯನ್ನು ರಾಜ್ಯಪಾಲರು ವಿಸ್ತರಿಸಿದ್ದರು, ಚುನಾವಣೆಯೇ ಇಲ್ಲದಂತಾಗಿತ್ತು. ಪೇಜ್ ಕೋರ್ಟಿಗೆ ಹೋದರು, ಗೆದ್ದರು. ಆಮೇಲೆ ಚುನಾವಣೆಯಲ್ಲೂ ಗೆದ್ದು, ಆ ಪೀಠಕ್ಕೆ ಬಂದ ಮೊದಲ ಕರಿಯ ನ್ಯಾಯಮೂರ್ತಿಯಾದರು. ಮುಂದೆ ಮೂರು ಸಲ ಮತದಾರರು ಮತ್ತೆ ಆರಿಸಿದರು. 2015ರಲ್ಲಿ, 70 ತುಂಬಿದಾಗ, ನಿಯಮದಂತೆ ಇಳಿದರು. ಬರೀ ಹೆಸರಿನ ಮೇಲೆ 22 ವರ್ಷ ತೀರ್ಪು ಬರೆಯಲು ಆಗುತ್ತದೆಯೇ, ನೀವೇ ಹೇಳಿ.

ನಿಮ್ಮ ಮಕ್ಕಳಿಗೆ ಹೇಳುವಾಗ 1988ರ ಸಂಗತಿಯನ್ನೂ ಸೇರಿಸಿ. ಆ ವರ್ಷ ಹಾಲ್ ಆಫ್ ಫೇಮ್‌ಗೆ ಸೇರಿದಾಗ, ತಮ್ಮನ್ನು ವೇದಿಕೆಗೆ ಪರಿಚಯಿಸಲು ಪೇಜ್ ಕೋಚ್‌ಗಳನ್ನು ಕರೆಯಲಿಲ್ಲ. ಮಿನಿಯಾಪೊಲಿಸ್‌ನ ಹೈಸ್ಕೂಲ್ ಪ್ರಿನ್ಸಿಪಾಲ್ ವಿಲರೀನ್ ಬೀಸ್ಲಿ ಅವರನ್ನು ಕರೆದರು. ತಮ್ಮ ಭಾಷಣದಲ್ಲಿ ಮಾತಾಡಿದ್ದು ಮಕ್ಕಳ ಓದಿನ ಬಗ್ಗೆ. ಅದೇ ವರ್ಷ ಡಯಾನ್ ಜೊತೆ ಸೇರಿ ಪೇಜ್ ಎಜುಕೇಶನ್ ಫೌಂಡೇಶನ್ ಶುರು ಮಾಡಿದರು. ಅದು ಕಾಲೇಜು ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಪಡೆದವರು ಚಿಕ್ಕ ಮಕ್ಕಳ ಜೊತೆ ಕೂತು ಅವರ ಓದಿಗೆ ನೆರವಾಗಬೇಕು ಎಂಬುದೇ ಷರತ್ತು.